ಹೇಮಾವತಿ ಕಣಿವೆಯ ಒಣಭೂಮಿ ಪ್ರದೇಶದಲ್ಲಿ ನವೀಕರಿಸಬಹುದಾದ ಇಂಧನ: ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಹಾಸನ ಜಿಲ್ಲೆಯ ಪಶ್ಚಿಮಕ್ಕಿರುವ ಸಕಲೇಶಪುರದ ಘಟ್ಟ ಪ್ರದೇಶದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಅಲ್ಲಿಂದ ಪೂರ್ವಕ್ಕೆ ಸಾಗಿದಂತೆ ಮಳೆಯ ಪ್ರಮಾಣವು ಕಡಿಮೆಯಾಗುತ್ತಾ ಬಂದು, ಚನ್ನರಾಯಪಟ್ಟಣದ ಬಯಲುಸೀಮೆಯಲ್ಲಿ ಸುಮಾರು 700 ಮಿ.ಮೀ.ಗೆ ಇಳಿಯುತ್ತದೆ. ಗೊರೂರಿನಲ್ಲಿ ಹೇಮಾವತಿ ನದಿಗೆ ಅಡ್ಡಲಾಗಿ 1979ರಲ್ಲಿ ಪೂರ್ಣಗೊಂಡ ಅಣೆಕಟ್ಟೆಯಲ್ಲಿ ಸುಮಾರು 37 ಟಿ.ಎಂ.ಸಿ. ನೀರನ್ನು ಸಂಗ್ರಹಿಸಬಹುದಾಗಿದೆ. ಇಲ್ಲಿಂದ ಎಡದಂಡೆ ನಾಲೆಯು ಚನ್ನರಾಯಪಟ್ಟಣ ಮತ್ತು ತುಮಕೂರಿನ ಕಡೆಗೂ, ಬಲದಂಡೆ ನಾಲೆಗಳು ಹೊಳೆನರಸೀಪುರ ಮತ್ತು ಅರಕಲಗೂಡಿನ ಕಡೆಗೂ ಹರಿಯುತ್ತವೆ. ಆದರೆ ನಾಲೆಯ ನೀರು ತಲುಪದ ಹೊಲಗಳು ಈ ನಾಲ್ಕೂ ತಾಲ್ಲೂಕುಗಳಲ್ಲಿ ಸಾಕಷ್ಟಿವೆ. ಅಂತಹ ಹೊಲಗಳಲ್ಲಿ ರೈತರು ಮಳೆಯನ್ನು ಅಥವಾ ಕೊಳವೆಬಾವಿಯನ್ನು ನಂಬಿ ರಾಗಿ, ಹುರುಳಿ, ಆಲೂಗಡ್ಡೆ ಮತ್ತು ತೆಂಗನ್ನು ಬೆಳೆಯುತ್ತಿದ್ದಾರೆ.

ಈ ಪ್ರದೇಶದಲ್ಲಿ ಮಳೆ ಕಡಿಮೆಯಿದ್ದರೂ ಬಿಸಿಲಿಗೆ ಕೊರತೆಯಿಲ್ಲ. ರಾಜ್ಯದ ಬಹುಭಾಗದಲ್ಲಿ ವರ್ಷಕ್ಕೆ 240ರಿಂದ 300 ದಿನಗಳ ಕಾಲ ಉತ್ತಮ ಬಿಸಿಲು ದೊರೆಯುತ್ತದೆ. ಈ ಬಿಸಿಲನ್ನು ಬಳಸಿಕೊಳ್ಳಲು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವಿವಿಧ ಯೋಜನೆಗಳನ್ನು ರೂಪಿಸಿವೆ. ಬಿಸಿಲು ಪ್ರತಿದಿನವೂ ಹೊಸದಾಗಿ ದೊರೆಯುತ್ತದೆ. ಆದರೆ ಬರಿದಾದ ಅಂತರ್ಜಲವಾಗಲೀ, 25 ವರ್ಷಕ್ಕೆ ಬರೆದುಕೊಟ್ಟ ಜಮೀನಾಗಲೀ ಅಷ್ಟು ಸುಲಭವಾಗಿ ಮರಳಿ ದೊರೆಯುವುದಿಲ್ಲ. ಆದುದರಿಂದ ಯಾವುದೇ ಯೋಜನೆಗೆ ಅರ್ಜಿ ಸಲ್ಲಿಸುವ ಮುನ್ನ ನೀರು, ಪಹಣಿ ಮತ್ತು ಕರಾರಿನ ಅವಧಿ ಎಂಬ ಮೂರು ವಿಷಯಗಳನ್ನು ಪರಿಶೀಲಿಸಿಕೊಳ್ಳುವುದು ಅತ್ಯವಶ್ಯಕ. ಈ ಪುಟದಲ್ಲಿ ಯೋಜನೆಗಳ ವಿವರದೊಂದಿಗೆ ಸದರಿ ಮೂರು ವಿಷಯಗಳನ್ನೂ ವಿವರಿಸಲಾಗಿದೆ.

2. ಸಂಬಂಧಪಟ್ಟ ಸಂಸ್ಥೆಗಳು

(ಅ) ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡಲ್): 1996ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ರಾಜ್ಯದಲ್ಲಿ ನವೀಕರಿಸಬಹುದಾದ ಇಂಧನದ ನೋಡಲ್ ಸಂಸ್ಥೆಯಾಗಿರುತ್ತದೆ. ಸೌರ ಪಂಪ್‌ಸೆಟ್ ಯೋಜನೆಯು ಇದರ ಮೂಲಕ ಅನುಷ್ಠಾನಗೊಳ್ಳುತ್ತದೆ.

(ಆ) ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ (ಸೆಸ್ಕ್): 2005ರಿಂದ ಕಾರ್ಯನಿರ್ವಹಿಸುತ್ತಿರುವ ಈ ನಿಗಮವು ಮೈಸೂರು, ಚಾಮರಾಜನಗರ, ಮಂಡ್ಯ, ಕೊಡಗು ಮತ್ತು ಹಾಸನ ಜಿಲ್ಲೆಗಳಿಗೆ ವಿದ್ಯುತ್ ಸರಬರಾಜು ಮಾಡುತ್ತದೆ. ಚಾವಣಿ ಸೌರ ಘಟಕಗಳ ನೆಟ್ ಮೀಟರ್ ಮತ್ತು ಕೃಷಿ ಫೀಡರ್‌ಗಳ ಸೌರೀಕರಣವು ಇದರ ವ್ಯಾಪ್ತಿಗೆ ಬರುತ್ತದೆ.

(ಇ) ತಹಶೀಲ್ದಾರ್ ಕಚೇರಿ ಮತ್ತು ನಾಡಕಚೇರಿ: ಪಹಣಿ, ಮ್ಯುಟೇಷನ್, ಪೌತಿ ಖಾತೆ ಮತ್ತು ಪೋಡಿಗೆ ಸಂಬಂಧಿಸಿದ ಸೇವೆಗಳು.

3. ಮನೆಯ ಚಾವಣಿಯ ಮೇಲೆ ಸೌರ ವಿದ್ಯುತ್ ಘಟಕ

ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ‘ಪಿಎಂ ಸೂರ್ಯಘರ್’ ಯೋಜನೆಯನ್ನು ಜಾರಿಗೆ ತಂದಿರುತ್ತದೆ. ಇದರನ್ವಯ ಗೃಹ ಬಳಕೆದಾರರಿಗೆ ದೊರೆಯುವ ಸಹಾಯಧನವು ಈ ಕೆಳಕಂಡಂತಿದೆ.

1 ಕಿಲೋವ್ಯಾಟ್ ಘಟಕಕ್ಕೆ: ರೂ. 30,000
2 ಕಿಲೋವ್ಯಾಟ್ ಘಟಕಕ್ಕೆ: ರೂ. 60,000
3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಘಟಕಕ್ಕೆ: ರೂ. 78,000 (ಗರಿಷ್ಠ ಮಿತಿ)

ಒಂದು ಕಿಲೋವ್ಯಾಟ್ ಘಟಕಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಚಾವಣಿಯ ಅವಶ್ಯಕತೆಯಿದ್ದು, ಅದರಿಂದ ದಿನವೊಂದಕ್ಕೆ ಸರಾಸರಿ 4 ಯೂನಿಟ್ ವಿದ್ಯುತ್ ಉತ್ಪಾದನೆಯಾಗುತ್ತದೆ. ಅಂದರೆ 2 ಕಿಲೋವ್ಯಾಟ್ ಘಟಕದಿಂದ ತಿಂಗಳಿಗೆ ಸುಮಾರು 240 ಯೂನಿಟ್ ನಿರೀಕ್ಷಿಸಬಹುದು. ಮುಂಗಾರಿನ ತಿಂಗಳುಗಳಲ್ಲಿ ಇದು ಕಡಿಮೆಯಾಗುತ್ತದೆ. ಚಾವಣಿಯ ಮೇಲೆ ತೆಂಗಿನ ಗರಿಯ ನೆರಳು ಬಿದ್ದಲ್ಲಿ, ನೆರಳು ಫಲಕದ ಒಂದು ಮೂಲೆಗೆ ಮಾತ್ರ ಬಿದ್ದರೂ ಉತ್ಪಾದನೆಯು ಗಣನೀಯವಾಗಿ ಕುಸಿಯುತ್ತದೆ. ಆದುದರಿಂದ ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ನೆರಳು ಬೀಳದ ಸ್ಥಳವನ್ನೇ ಆಯ್ಕೆ ಮಾಡಿಕೊಳ್ಳತಕ್ಕದ್ದು.

ಅರ್ಜಿ ಸಲ್ಲಿಸುವ ವಿಧಾನ:

(1) ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕರ ಖಾತೆ ಸಂಖ್ಯೆಯೊಂದಿಗೆ ನೋಂದಾಯಿಸಿಕೊಳ್ಳುವುದು.
(2) ನೋಂದಾಯಿತ ಮಾರಾಟಗಾರರ ಪಟ್ಟಿಯಿಂದ ಒಬ್ಬರನ್ನು ಆಯ್ಕೆ ಮಾಡಿಕೊಂಡು, ಬೆಲೆ ಮತ್ತು ನಿರ್ವಹಣೆಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು.
(3) ಘಟಕ ಅಳವಡಿಸಿದ ನಂತರ ನೆಟ್ ಮೀಟರ್‌ಗಾಗಿ ನಿಗಮವನ್ನು ಕೋರುವುದು.
(4) ನಿಗಮದ ಪರಿಶೀಲನೆಯ ನಂತರ ಬ್ಯಾಂಕ್ ಖಾತೆಯ ವಿವರ ಸಲ್ಲಿಸುವುದು. ಸಹಾಯಧನವು ನೇರವಾಗಿ ಅರ್ಜಿದಾರರ ಖಾತೆಗೆ ಜಮೆಯಾಗುತ್ತದೆ.

ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳಿಗೆ 2024ರಲ್ಲಿ ತಂದ ತಿದ್ದುಪಡಿಯಂತೆ, 10 ಕಿಲೋವ್ಯಾಟ್‌ವರೆಗಿನ ಚಾವಣಿ ಘಟಕಗಳಿಗೆ ಪ್ರತ್ಯೇಕ ತಾಂತ್ರಿಕ ಕಾರ್ಯಸಾಧ್ಯತಾ ಅಧ್ಯಯನದ ಅವಶ್ಯಕತೆಯಿರುವುದಿಲ್ಲ.

ಗಮನಿಸಬೇಕಾದ ಎರಡು ಅಂಶಗಳು: ಮೊದಲನೆಯದಾಗಿ, ಬ್ಯಾಟರಿಯಿಲ್ಲದ ಘಟಕವು ವಿದ್ಯುತ್ ಜಾಲಕ್ಕೆ ಹೊಂದಿಕೊಂಡು ಕೆಲಸ ಮಾಡುತ್ತದೆ. ಲೈನ್‌ನಲ್ಲಿ ಕರೆಂಟ್ ಹೋದಾಗ, ದುರಸ್ತಿಗೆ ಕಂಬ ಹತ್ತಿದ ನೌಕರರ ಪ್ರಾಣರಕ್ಷಣೆಗಾಗಿ ಈ ಘಟಕವೂ ತಾನಾಗಿಯೇ ಸ್ಥಗಿತಗೊಳ್ಳುತ್ತದೆ. ವಿದ್ಯುತ್ ನಿಲುಗಡೆಯ ವೇಳೆಯಲ್ಲಿಯೂ ಬೆಳಕು ಬೇಕೆನ್ನುವವರು ಬ್ಯಾಟರಿಯ ವೆಚ್ಚವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಬೇಕಾಗುತ್ತದೆ. ಎರಡನೆಯದಾಗಿ, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಡಿ ಶೂನ್ಯ ಬಿಲ್ ಪಡೆಯುತ್ತಿರುವ ಕುಟುಂಬಗಳಿಗೆ ಚಾವಣಿ ಘಟಕದಿಂದಾಗುವ ಉಳಿತಾಯವು ಬಿಲ್ ಪಾವತಿಸುವ ಕುಟುಂಬಗಳಷ್ಟು ಇರುವುದಿಲ್ಲ. ಅಂತಹವರು ನೆಟ್ ಮೀಟರ್ ಅಳವಡಿಕೆಯ ನಂತರ ತಮ್ಮ ಬಿಲ್ಲಿನ ಸ್ಥಿತಿ ಏನಾಗುವುದೆಂಬುದನ್ನು ನಿಗಮದ ಉಪವಿಭಾಗ ಕಚೇರಿಯಿಂದ ಲಿಖಿತವಾಗಿ ತಿಳಿದುಕೊಂಡು, ಅನಂತರ ಸಾಲಕ್ಕೆ ಸಹಿ ಮಾಡುವುದು ಸೂಕ್ತ.

4. ಸೌರ ಪಂಪ್‌ಸೆಟ್ (ಕುಸುಮ್-ಬಿ)

ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಪಿಎಂ-ಕುಸುಮ್ ಯೋಜನೆಯ ‘ಬಿ’ ಘಟಕದಡಿ, ವಿದ್ಯುತ್ ಜಾಲವು ತಲುಪದ ಜಮೀನುಗಳಿಗೆ ಸೌರ ಪಂಪ್‌ಸೆಟ್ ಒದಗಿಸಲು ಅವಕಾಶ ಕಲ್ಪಿಸಲಾಗಿದೆ. ಕರ್ನಾಟಕದಲ್ಲಿ ನಿಗದಿತ ವೆಚ್ಚದ ಶೇ. 30ರಷ್ಟನ್ನು ಕೇಂದ್ರ, ಶೇ. 50ರಷ್ಟನ್ನು ರಾಜ್ಯ ಹಾಗೂ ಉಳಿದ ಶೇ. 20ರಷ್ಟನ್ನು ರೈತರು ಭರಿಸುವಂತೆ ಯೋಜನೆಯನ್ನು ರೂಪಿಸಲಾಯಿತು. ಅಂದರೆ ವೆಚ್ಚದ ಪ್ರತಿ ಒಂದು ಲಕ್ಷ ರೂಪಾಯಿಗೆ ರೈತರ ವಂತಿಕೆ ರೂ. 20,000. ಕೇಂದ್ರದ ಸಹಾಯಧನವು 7.5 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ಸೀಮಿತವಾಗಿರುತ್ತದೆ. ಕುಸುಮ್ ಯೋಜನೆಯ ಅವಧಿಯನ್ನು 2026ರ ಮಾರ್ಚ್‌ವರೆಗೆ ವಿಸ್ತರಿಸಲಾಗಿತ್ತು. ಆದುದರಿಂದ ಅರ್ಜಿದಾರರು ಹಣ ಪಾವತಿಸುವ ಮುನ್ನ ಚಾಲ್ತಿಯಲ್ಲಿರುವ ಸರ್ಕಾರಿ ಆದೇಶ ಮತ್ತು ಸಹಾಯಧನದ ಪ್ರಮಾಣವನ್ನು ಕ್ರೆಡಲ್‌ನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಅಂತರ್ಜಲದ ಬಗ್ಗೆ ವಿಶೇಷ ಸೂಚನೆ: ಕೃಷಿ ಪಂಪುಗಳಿಗೆ ಮೂರು ಫೇಸ್ ವಿದ್ಯುತ್ ಇಂತಿಷ್ಟೇ ತಾಸು ದೊರೆಯುವುದರಿಂದ, ಆ ಮಿತಿಯೇ ಕೊಳವೆಬಾವಿಗೂ ಒಂದು ಬಿಡುವನ್ನು ನೀಡುತ್ತಿತ್ತು. ಸೌರ ಪಂಪಿಗೆ ಅಂತಹ ಮಿತಿಯಿಲ್ಲ. ಬಿಸಿಲಿರುವಷ್ಟು ಕಾಲವೂ ಅದು ನೀರೆತ್ತಬಲ್ಲದು, ಅದೂ ಖರ್ಚಿಲ್ಲದೆ. ಒಂದು ಹೊಲದಲ್ಲಿ ಈ ರೀತಿ ಎತ್ತಿದ ನೀರಿನ ಪರಿಣಾಮವು ಪಕ್ಕದ ಹೊಲದ ಕೊಳವೆಬಾವಿಯಲ್ಲಿ ಕಾಣಿಸಿಕೊಳ್ಳುತ್ತದೆ. ಈ ಕಾರಣದಿಂದ, ಅಂತರ್ಜಲವನ್ನು ಅತಿಯಾಗಿ ಬಳಸಲಾಗಿದೆ ಎಂದು ವರ್ಗೀಕರಿಸಿದ ಪ್ರದೇಶಗಳಲ್ಲಿ ಹೊಸ ಸೌರ ಪಂಪುಗಳಿಗೆ ಕುಸುಮ್ ಮಾರ್ಗಸೂಚಿಯಲ್ಲಿ ನಿರ್ಬಂಧವಿದ್ದು, ಸೂಕ್ಷ್ಮ ನೀರಾವರಿ ಅಳವಡಿಸಿಕೊಳ್ಳುವ ಷರತ್ತಿನೊಂದಿಗೆ ಹಳೆಯ ಡೀಸೆಲ್ ಪಂಪನ್ನು ಬದಲಾಯಿಸಲು ಅವಕಾಶ ನೀಡಲಾಗಿದೆ. ತಮ್ಮ ಗ್ರಾಮವು ಯಾವ ವರ್ಗದಲ್ಲಿದೆ ಎಂಬ ಮಾಹಿತಿಯನ್ನು ಜಿಲ್ಲಾ ಅಂತರ್ಜಲ ಕಚೇರಿಯಿಂದ ಪಡೆಯಬಹುದಾಗಿದೆ.

ಪಂಪಿನ ಆಯ್ಕೆ: ಪಂಪಿನ ಅಶ್ವಶಕ್ತಿಯನ್ನು ನೆರೆಯವರ ಪಂಪನ್ನು ನೋಡಿ ನಿರ್ಧರಿಸತಕ್ಕದ್ದಲ್ಲ. ಕೊಳವೆಬಾವಿಯ ಆಳ, ಬೇಸಿಗೆಯಲ್ಲಿ ನೀರು ನಿಲ್ಲುವ ಮಟ್ಟ ಮತ್ತು ಗಂಟೆಗೆ ದೊರೆಯುವ ನೀರಿನ ಪ್ರಮಾಣವನ್ನು ಆಧರಿಸಿ ನಿರ್ಧರಿಸಬೇಕು. ಏಪ್ರಿಲ್ ತಿಂಗಳಲ್ಲಿ ಅಳೆದ ಮಟ್ಟವೇ ಹೆಚ್ಚು ವಿಶ್ವಾಸಾರ್ಹ. ಎತ್ತಿದ ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ ಹನಿ ನೀರಾವರಿಯ ಮೂಲಕ ತೆಂಗು ಅಥವಾ ತರಕಾರಿಗೆ ನೀಡಿದಲ್ಲಿ, ಕಡಿಮೆ ಶಕ್ತಿಯ ಪಂಪೇ ಸಾಕಾಗುವುದುಂಟು. ನೀರಿನ ಅವಶ್ಯಕತೆಯಿಲ್ಲದ ದಿನಗಳಲ್ಲಿ ಸೂಕ್ತ ನಿಯಂತ್ರಕವನ್ನು ಅಳವಡಿಸಿಕೊಂಡು, ಅದೇ ಫಲಕಗಳಿಂದ ಮೇವು ಕತ್ತರಿಸುವ ಯಂತ್ರ ಅಥವಾ ಹಿಟ್ಟಿನ ಗಿರಣಿಯನ್ನು ನಡೆಸಬಹುದಾಗಿದೆ.

5. ಸೌರ ಘಟಕಕ್ಕೆ ಜಮೀನನ್ನು ಗುತ್ತಿಗೆಗೆ ನೀಡುವುದು (ಕುಸುಮ್-ಸಿ)

ಪ್ರತಿಯೊಂದು ಪಂಪಿಗೂ ಪ್ರತ್ಯೇಕ ಫಲಕ ಅಳವಡಿಸುವ ಬದಲು, ವಿದ್ಯುತ್ ಉಪಕೇಂದ್ರದ ಸಮೀಪದಲ್ಲಿ ಒಂದು ಸೌರ ಘಟಕವನ್ನು ಸ್ಥಾಪಿಸಿ, ಅದರ ವಿದ್ಯುತ್ತನ್ನು ಕೃಷಿ ಫೀಡರ್‌ಗೆ ಹಗಲು ವೇಳೆಯಲ್ಲಿ ಹರಿಸುವುದು ‘ಸಿ’ ಘಟಕದ ಉದ್ದೇಶವಾಗಿದೆ. ಇದರಿಂದ ರಾತ್ರಿ ವೇಳೆ ಹಾವು, ಚಿರತೆ, ಆನೆಗಳ ಭಯದಲ್ಲಿ ನೀರು ಕಟ್ಟಲು ಹೊಲಕ್ಕೆ ಹೋಗುವ ಸ್ಥಿತಿಯು ತಪ್ಪುತ್ತದೆ. 2025ರ ಜೂನ್‌ನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ ಇಂತಹ 20 ಮೆಗಾವ್ಯಾಟ್ ಘಟಕವನ್ನು ಉದ್ಘಾಟಿಸಲಾಯಿತು.

ಒಂದು ಮೆಗಾವ್ಯಾಟ್ ಘಟಕಕ್ಕೆ ಸುಮಾರು 4ರಿಂದ 5 ಎಕರೆ ಜಮೀನು ಬೇಕಾಗುತ್ತದೆ. ಈ ಯೋಜನೆಯಡಿ ಖಾಸಗಿ ಜಮೀನಿಗೆ ಎಕರೆಗೆ ವಾರ್ಷಿಕ ರೂ. 25,000 ಗುತ್ತಿಗೆ ದರವನ್ನು ಪ್ರಕಟಿಸಲಾಗಿತ್ತು. ವಿದ್ಯುತ್ ಖರೀದಿ ಒಪ್ಪಂದವು 25 ವರ್ಷಗಳದ್ದಾದುದರಿಂದ ಗುತ್ತಿಗೆಯೂ ಅಷ್ಟೇ ದೀರ್ಘವಾಗಿರುತ್ತದೆ. ಇಂದು ಅಂಗನವಾಡಿಯಲ್ಲಿರುವ ಮಗುವಿಗೆ ಸುಮಾರು 30 ವರ್ಷವಾಗುವವರೆಗೆ ಆ ಜಮೀನಿನಲ್ಲಿ ಉಳುಮೆಯಿರುವುದಿಲ್ಲ ಎಂಬುದನ್ನು ಕುಟುಂಬದವರೆಲ್ಲರೂ ಕುಳಿತು ಆಲೋಚಿಸಬೇಕು.

ಪಾವಗಡದ ಅನುಭವ: ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ, ಸತತ ಬರಗಾಲದಿಂದ ಬಳಲಿದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಸ್ಥಾಪನೆಗೊಂಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು 2019ರ ಕೊನೆಗೆ ಪೂರ್ಣ ಸಾಮರ್ಥ್ಯವನ್ನು ತಲುಪಿದ ಈ ಪಾರ್ಕಿಗಾಗಿ ಜಮೀನನ್ನು ಖರೀದಿಸದೆ ರೈತರಿಂದ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವಾರ್ಷಿಕ ರೂ. 21,000 ಹಾಗೂ ಪ್ರತಿ ಎರಡು ವರ್ಷಕ್ಕೊಮ್ಮೆ ಶೇ. 5ರಷ್ಟು ಹೆಚ್ಚಳ ಎಂಬುದು ಅಲ್ಲಿನ ಷರತ್ತು. ಜಮೀನಿನ ಒಡೆತನವು ರೈತರಲ್ಲಿಯೇ ಉಳಿಯಿತು.

ಈ ಅನುಭವದಿಂದ ತಿಳಿಯಬೇಕಾದ ಅಂಶಗಳು ಎರಡು. ಮೊದಲನೆಯದು ಹೆಚ್ಚಳದ ಷರತ್ತು. ಎರಡು ವರ್ಷಕ್ಕೊಮ್ಮೆ ಶೇ. 5ರಂತೆ ಏರುವ ರೂ. 21,000, ಇಪ್ಪತ್ತನಾಲ್ಕು ವರ್ಷಗಳ ನಂತರ ಸುಮಾರು ರೂ. 37,700 ಆಗುತ್ತದೆ. ಹೆಚ್ಚಳದ ಷರತ್ತಿಲ್ಲದ ಕರಾರಿನಲ್ಲಿ ರೂ. 25,000 ಕೊನೆಯವರೆಗೂ ರೂ. 25,000 ಆಗಿಯೇ ಉಳಿಯುತ್ತದೆ. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದಲ್ಲಿ, 25 ವರ್ಷಗಳ ನಂತರ ಆ ಹಣದ ಕೊಳ್ಳುವ ಶಕ್ತಿಯು ಇಂದಿನ ಸುಮಾರು ರೂ. 7,400ಕ್ಕೆ ಸಮನಾಗಿರುತ್ತದೆ. ಎರಡನೆಯದು ಜಮೀನಿಲ್ಲದವರ ವಿಷಯ. ಗುತ್ತಿಗೆಯ ಹಣವು ಪಹಣಿಯಲ್ಲಿ ಹೆಸರಿರುವವರಿಗೆ ಮಾತ್ರ ಸಲ್ಲುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಕಾರರಿಗೆ ಮತ್ತು ಕುರಿ ಮೇಯಿಸುತ್ತಿದ್ದವರಿಗೆ ಅದರಲ್ಲಿ ಪಾಲಿರುವುದಿಲ್ಲ. ಗ್ರಾಮಸಭೆಯಲ್ಲಿ ಈ ವಿಷಯವನ್ನು ಮುಂಚಿತವಾಗಿ ಚರ್ಚಿಸುವುದು ಅಪೇಕ್ಷಣೀಯ.

ಲೆಕ್ಕ ಹಾಕುವಾಗ ಹೊಲದಿಂದ ದೊರೆಯುವ ಧಾನ್ಯದ ಬೆಲೆಯೊಂದನ್ನೇ ಗುತ್ತಿಗೆಯ ಹಣದೊಂದಿಗೆ ಹೋಲಿಸತಕ್ಕದ್ದಲ್ಲ. ರಾಗಿಯ ಹುಲ್ಲಿನಿಂದ ಹಸು, ಹಸುವಿನಿಂದ ಡೇರಿಗೆ ಹಾಲು ಮತ್ತು ತಿಪ್ಪೆಗೆ ಗೊಬ್ಬರ ದೊರೆಯುತ್ತಿರುವ ಕುಟುಂಬವು ಅವುಗಳ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಉಳುಮೆಗೆ ಬಾರದ ಕಲ್ಲುಭೂಮಿಯನ್ನು ಗುತ್ತಿಗೆಗೆ ನೀಡಿ, ಬೆಳೆಯುವ ಭೂಮಿಯನ್ನು ಉಳಿಸಿಕೊಳ್ಳುವುದು ಸಾಧ್ಯವಿದ್ದಲ್ಲಿ ಅದು ಉತ್ತಮ ಮಾರ್ಗ.

6. ಬದುವಿನ ಮರ ಮತ್ತು ಗೋಬರ್ ಅನಿಲ

ಜಮೀನನ್ನು ಬಿಟ್ಟುಕೊಡದೆಯೇ ಇಂಧನವನ್ನು ಬೆಳೆಯುವ ಮಾರ್ಗಗಳೂ ಇವೆ. ಹಾಸನದ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಸ್ಥಾಪಿತವಾದ ಜೈವಿಕ ಇಂಧನ ಉದ್ಯಾನವು ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಮುಂತಾದ ಎಣ್ಣೆಬೀಜದ ಮರಗಳನ್ನು ಹೊಲದ ನಡುವೆ ಅಲ್ಲ, ಬದುಗಳಲ್ಲಿ ಬೆಳೆಸುವ ಪದ್ಧತಿಯನ್ನು ಜಿಲ್ಲೆಯ ರೈತರಿಗೆ ಪರಿಚಯಿಸಿತು. ರಾಜ್ಯದ ಜೈವಿಕ ಇಂಧನ ನೀತಿಯು 2009ರಲ್ಲಿ ಜಾರಿಗೆ ಬಂದಿತು.

ಹೊಂಗೆಯನ್ನು ದನಕರುಗಳು ಸಾಮಾನ್ಯವಾಗಿ ಮೇಯುವುದಿಲ್ಲ, ಬರವನ್ನು ತಡೆದುಕೊಳ್ಳುತ್ತದೆ, ದ್ವಿದಳ ಜಾತಿಯ ಮರವಾದುದರಿಂದ ಮಣ್ಣಿಗೆ ಸಾರಜನಕವನ್ನು ಸೇರಿಸುತ್ತದೆ. ಹಿಂದೆ ಹಳ್ಳಿಗಳಲ್ಲಿ ದೀಪಕ್ಕೆ ಹೊಂಗೆ ಎಣ್ಣೆಯನ್ನೇ ಬಳಸುತ್ತಿದ್ದರು. ಗಾಣದಲ್ಲಿ ಸುಮಾರು 4 ಕೆ.ಜಿ. ಬೀಜದಿಂದ 1 ಕೆ.ಜಿ. ಎಣ್ಣೆ ದೊರೆಯುತ್ತದೆ, ಉಳಿದ ಹಿಂಡಿಯು ಉತ್ತಮ ಗೊಬ್ಬರ. ಆದರೆ ನೆಟ್ಟ ಗಿಡವು ಫಲ ನೀಡಲು ಐದಾರು ವರ್ಷ ಬೇಕಾಗುವುದರಿಂದ ಇದನ್ನು ತಕ್ಷಣದ ಆದಾಯದ ಮೂಲವೆಂದು ಭಾವಿಸತಕ್ಕದ್ದಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಸುತ್ತಮುತ್ತ ತಂಬಾಕು ಹದಗೊಳಿಸುವ ಬ್ಯಾರನ್‌ಗಳಿಗೆ ಅಪಾರ ಸೌದೆ ಬೇಕಾಗುತ್ತದೆ. ಈ ಭಾಗದ ಬೆಳೆಗಾರರು ತಮ್ಮ ಬದುಗಳಲ್ಲಿಯೇ ಸೌದೆ ಮರಗಳನ್ನು ಬೆಳೆಸಿಕೊಂಡಲ್ಲಿ ಊರಿನ ಗೋಮಾಳ ಮತ್ತು ಗುಂಡುತೋಪುಗಳ ಮೇಲಿನ ಒತ್ತಡವು ಕಡಿಮೆಯಾಗುತ್ತದೆ.

ನಾಲ್ಕೈದು ಹಸುಗಳಿರುವ ಮನೆಯಲ್ಲಿ ದಿನಕ್ಕೆ ಸುಮಾರು 50 ಕೆ.ಜಿ. ಸಗಣಿ ದೊರೆತಲ್ಲಿ 2 ಘನ ಮೀಟರ್ ಗೋಬರ್ ಅನಿಲ ಘಟಕವನ್ನು ನಡೆಸಬಹುದು. ಇದು ಸಣ್ಣ ಕುಟುಂಬದ ಅಡುಗೆಗೆ ಸಾಕಾಗುತ್ತದೆ. ಹೊರಬರುವ ಬಗ್ಗಡವು ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ. ಈ ಘಟಕಗಳಿಗೆ ಲಭ್ಯವಿರುವ ಸಹಾಯಧನದ ವಿವರವನ್ನು ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಬಹುದು.

7. ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

(ಅ) ಚಾವಣಿ ಘಟಕಕ್ಕೆ: ಇತ್ತೀಚಿನ ವಿದ್ಯುತ್ ಬಿಲ್, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ. ಬಿಲ್ಲಿನಲ್ಲಿರುವ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಹೊಂದಾಣಿಕೆಯಾಗಬೇಕು. ವಿದ್ಯುತ್ ಸಂಪರ್ಕವು ದಿವಂಗತರಾದ ತಂದೆಯವರ ಹೆಸರಿನಲ್ಲಿದ್ದಲ್ಲಿ, ಮೊದಲು ನಿಗಮದಲ್ಲಿ ಹೆಸರು ಬದಲಾವಣೆ ಮಾಡಿಸಿಕೊಳ್ಳತಕ್ಕದ್ದು.

(ಆ) ಸೌರ ಪಂಪ್‌ಸೆಟ್‌ಗೆ: ಪಹಣಿ, ಆಧಾರ್, ಬ್ಯಾಂಕ್ ಪಾಸ್ ಪುಸ್ತಕ, ನೀರಿನ ಮೂಲದ ವಿವರ.

(ಇ) ಜಮೀನು ಗುತ್ತಿಗೆಗೆ: ಪಹಣಿ, ಮ್ಯುಟೇಷನ್ ಪ್ರತಿ, ಸರ್ವೆ ನಕ್ಷೆ, ಋಣಭಾರ ಪ್ರಮಾಣಪತ್ರ, ಎಲ್ಲ ಹಕ್ಕುದಾರರ ಒಪ್ಪಿಗೆ.

ಅರ್ಜಿಗಳು ಹಿಂದಿರುಗಲು ಸಾಮಾನ್ಯ ಕಾರಣವೆಂದರೆ ಪಹಣಿಯು ಇನ್ನೂ ತಾತನ ಹೆಸರಿನಲ್ಲಿಯೇ ಇರುವುದು ಅಥವಾ ಜಂಟಿ ಖಾತೆಯಲ್ಲಿರುವುದು. ಅಂತಹವರು ಮೊದಲು ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಸಲ್ಲಿಸಬೇಕು. ವಿವಾಹವಾಗಿ ಹೋದ ಹೆಣ್ಣುಮಕ್ಕಳೂ ಹಕ್ಕುದಾರರೇ ಆಗಿರುವುದರಿಂದ ಅವರ ಒಪ್ಪಿಗೆಯನ್ನು ಕೈಬಿಡುವಂತಿಲ್ಲ.

ಮಂಜೂರಾದ ಜಮೀನು: ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು 1978ರ ಭೂ ಪರಭಾರೆ ನಿಷೇಧ ಅಧಿನಿಯಮದನ್ವಯ ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಗುತ್ತಿಗೆಯೂ ಪರಭಾರೆಯೇ ಆಗಿರುತ್ತದೆ. ಯಾರಾದರೂ ಬಿಳಿ ಹಾಳೆಯ ಮೇಲೆ ಅಥವಾ ಛಾಪಾ ಕಾಗದದ ಮೇಲೆ ಸಹಿ ಕೇಳಿದಲ್ಲಿ ಸಹಿ ಮಾಡದೆ ತಹಶೀಲ್ದಾರರನ್ನು ಸಂಪರ್ಕಿಸತಕ್ಕದ್ದು.

8. ಗುತ್ತಿಗೆ ಕರಾರಿಗೆ ಸಹಿ ಮಾಡುವ ಮುನ್ನ

(1) ಕರಾರು ಕನ್ನಡದಲ್ಲಿದೆಯೇ? ಇಲ್ಲದಿದ್ದಲ್ಲಿ ಕನ್ನಡ ಪ್ರತಿಯನ್ನು ಕೇಳಿ ಪಡೆಯುವುದು.
(2) ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕಡ್ಡಾಯವಾಗಿ ನೋಂದಾಯಿಸತಕ್ಕದ್ದು.
(3) ಹಣ ಪಾವತಿಯ ದಿನಾಂಕ, ವಿಳಂಬವಾದಲ್ಲಿ ಬಡ್ಡಿ ಮತ್ತು ಹೆಚ್ಚಳದ ಪ್ರಮಾಣವನ್ನು ನಮೂದಿಸಲಾಗಿದೆಯೇ?
(4) ಕಂಪನಿಯು ಬೇರೊಬ್ಬರಿಗೆ ಹಕ್ಕನ್ನು ವರ್ಗಾಯಿಸಿದಲ್ಲಿ ಗುತ್ತಿಗೆ ಹಣಕ್ಕೆ ಯಾರು ಹೊಣೆ?
(5) ಅವಧಿ ಮುಗಿದ ನಂತರ ಫಲಕ, ಕಾಂಕ್ರೀಟ್ ಕಂಬ ಮತ್ತು ತಂತಿಗಳನ್ನು ತೆಗೆದು ಜಮೀನನ್ನು ಉಳುಮೆಗೆ ಯೋಗ್ಯವಾಗಿ ಹಿಂದಿರುಗಿಸುವ ಹೊಣೆ ಯಾರದು?
(6) ಪಕ್ಕದ ಹೊಲಗಳ ದಾರಿ ಮತ್ತು ಮಳೆನೀರು ಹರಿಯುವ ಹಳ್ಳವನ್ನು ಮುಚ್ಚದಿರುವ ಷರತ್ತು ಇದೆಯೇ?

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸೌರ ಪಂಪ್ ಪಡೆದರೆ ಈಗಿರುವ ಉಚಿತ ವಿದ್ಯುತ್ ಸಂಪರ್ಕ ರದ್ದಾಗುವುದೇ?
ಉತ್ತರ: ‘ಬಿ’ ಘಟಕವು ಜಾಲದ ಸಂಪರ್ಕವಿಲ್ಲದ ಜಮೀನುಗಳಿಗಾಗಿ ಇರುವಂಥದ್ದು. ಈಗಾಗಲೇ ವಿದ್ಯುತ್ ಸಂಪರ್ಕವಿರುವ ಪಂಪುಗಳಿಗೆ ‘ಸಿ’ ಘಟಕದಡಿ ಫೀಡರ್ ಮೂಲಕವೇ ಸೌರ ವಿದ್ಯುತ್ ತಲುಪುತ್ತದೆ. ಇದಕ್ಕಾಗಿ ರೈತರು ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗಿಲ್ಲ.

ಪ್ರಶ್ನೆ: ಫಲಕಗಳ ನಿರ್ವಹಣೆ ಹೇಗೆ?
ಉತ್ತರ: ಮೇಲ್ಕಂಡ ಚಾವಣಿ ಹಾಗೂ ಪಂಪ್ ಯೋಜನೆಗಳಲ್ಲಿ ಮೊದಲ ಐದು ವರ್ಷಗಳ ನಿರ್ವಹಣೆಯು ಸರಬರಾಜುದಾರರ ಹೊಣೆಯಾಗಿರುತ್ತದೆ. ಧೂಳನ್ನು ಒರೆಸುವ ಕೆಲಸ ಮಾತ್ರ ಬಳಕೆದಾರರದು. ಒಕ್ಕಣೆಯ ದಿನಗಳಲ್ಲಿ ವಾರಕ್ಕೊಮ್ಮೆ, ಬಿಸಿಲೇರುವ ಮುನ್ನ ಮೆತ್ತನೆಯ ಬಟ್ಟೆ ಮತ್ತು ನೀರಿನಿಂದ ಒರೆಸುವುದು. ಬಿಸಿಯಾದ ಗಾಜಿನ ಮೇಲೆ ತಣ್ಣೀರು ಎರಚಬಾರದು.

ಪ್ರಶ್ನೆ: ಮಧ್ಯವರ್ತಿಗಳು ಹಣ ಕೇಳಿದರೆ?
ಉತ್ತರ: ಕುಸುಮ್ ಯೋಜನೆಯ ಹೆಸರಿನಲ್ಲಿ ನಕಲಿ ಜಾಲತಾಣಗಳು ನೋಂದಣಿ ಶುಲ್ಕ ವಸೂಲು ಮಾಡುತ್ತಿರುವ ಬಗ್ಗೆ ಕೇಂದ್ರ ನವೀಕರಿಸಬಹುದಾದ ಇಂಧನ ಸಚಿವಾಲಯವು ಹಲವು ಬಾರಿ ಎಚ್ಚರಿಕೆ ನೀಡಿದೆ. ದೂರವಾಣಿಯ ಮೂಲಕ ಬಂದ ಕೊಂಡಿಗಳನ್ನು ನಂಬಿ ಹಣ ಪಾವತಿಸಬಾರದು. ರೈತರ ವಂತಿಕೆಯನ್ನು ಅಧಿಕೃತ ಪೋರ್ಟಲ್ ಮೂಲಕ ಮಾತ್ರ ಪಾವತಿಸಿ ರಸೀದಿ ಪಡೆಯತಕ್ಕದ್ದು.

10. ಕುಂದುಕೊರತೆಗಳು

ವಿದ್ಯುತ್ ಸಂಬಂಧಿತ ದೂರುಗಳಿಗೆ 1912 ಸಹಾಯವಾಣಿಯನ್ನು ಸಂಪರ್ಕಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ ಲಿಖಿತ ದೂರು ಸಲ್ಲಿಸಬಹುದು. ಅರ್ಜಿಯ ಸ್ಥಿತಿಗತಿ ಅಥವಾ ತಿರಸ್ಕಾರದ ಕಾರಣವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೋರಲು ಪ್ರತಿಯೊಬ್ಬ ನಾಗರಿಕರಿಗೂ ಹಕ್ಕಿದೆ.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯನ್ನು ಮನೆಯವರೊಂದಿಗೆ ಓದಿ, ನೀರಿನ ಮಟ್ಟ, ಪಹಣಿ ಹಾಗೂ ಕರಾರಿನ ಅವಧಿಯನ್ನು ಪರಿಶೀಲಿಸಿದ ನಂತರವೇ ಅರ್ಜಿ ಸಲ್ಲಿಸಿ ಯೋಜನೆಗಳ ಸದುಪಯೋಗ ಪಡೆದುಕೊಳ್ಳಬೇಕೆಂದು ಕೋರಲಾಗಿದೆ.